ಎಂಬತ್ತೇಳನೇ ಡಬ್ಬಿ

ಹತ್ತು ಮೀಟರಿಗೊಂದು ಗೂಟ. ಹನ್ನೆರಡು ಸಾಲು,
ಸಾಲಿಗೆ ಹನ್ನೆರಡು. ಮುಳಗುಂದದ ಆಚಿ
ಕಲ್ಲವ್ವನ ಎರಿಹೊಲದ ಮ್ಯಾಲೆ
ಚೌಕಳಿ ದಾರ ಎಳೆದು ನಿಂತಾಗ
ದಾದಾಪೀರ ನಕ್ಕ: "ಏನ್ರಿ ಅಕ್ಕಾರ,
ಹೊಲಕ್ಕ ಕೌದಿ ಹೊಲಿಯಾಕ ಹತ್ತೀರೇನು?"

ಹೌದು ಅಂದೆ. ಮತ್ತೇನು ಅನ್ನಲಿ.

ಹಿಂಗಾರಿ ಮಳಿ ಬಂದು ಹೋಗಿ ಒಂಬತ್ತು ದಿನ.
ಮ್ಯಾಲೆ ಹಪ್ಪಳ, ಒಳಗ ಜಿಗಟು.
ಅಂವ ಬೈರಿಗಿ ತಿರುವಿದ. ಗೇಣು ಇಳಿದ ಮ್ಯಾಲೆ
ಎರಿ ಬಿಡೂದಿಲ್ಲ, ಕಬ್ಬಿಣಾನೂ ತನ್ನದ ಅಂತದ.
ಬೆರಳಿಲೆ ಕೆರೆದು, ಡಬ್ಬಿಗೆ ತುಂಬಿ,
ಮುಚ್ಚಳ ಒತ್ತಿ, ನಂಬರು ಬರೆದು,
ನೂರಾ ನಲವತ್ತನಾಲ್ಕು ಸಲ
ಅದ ಬಾಗೋದು, ಅದ ಏಳೋದು.

ಧಾರವಾಡದ ಲ್ಯಾಬಿನಾಗ ಒವೆನ್ನು ನೂರಾ ಐದು ಡಿಗ್ರಿ.
ಬಾಗಿಲ ತೆಗೆದರ ಕಾದ ಹೆಂಚಿನ ವಾಸನಿ.
ಹಸಿ ತೂಕ, ಒಣ ತೂಕ,
ನಡುವ ಕಳೆದದ್ದು ನೀರು.
ಎಲ್ಲಿಗೆ ಹೋತು ಅಂತ ತಕ್ಕಡಿ ಕೇಳೂದಿಲ್ಲ.

ಆಮ್ಯಾಲೆ ಲೆಕ್ಕ. ಹತ್ತಿರದ ಡಬ್ಬಿಗಳು ಅಕ್ಕತಂಗೇರು,
ಸ್ವಲ್ಪ ದೂರದವು ಬೀಗರು,
ನಲವತ್ತು ಮೀಟರ್ ದಾಟಿದರ
ಸಂತ್ಯಾಗ ಭುಜ ತಾಗಿಸಿ ಹೋದ ಮಂದಿ.
ಅಲ್ಲೀತನಕ ಏರಿದ ಗೆರಿ ಅಲ್ಲಿಂದ ಅಡ್ಡ ಮಲಗತದ.
ಆದರ ಅದು ಸೊನ್ನಿಯಿಂದ ಏಳೂದಿಲ್ಲ.
ಕಾಲು ಕದಲಿಸದ ಎರಡು ಸಲ ತೋಡಿದರೂ
ಮಣ್ಣು ಎರಡು ಮಾತು ಹೇಳತದ.
ಅದಕ್ಕ ನಗೆಟ್ ಅಂತಾರ, ಬಂಗಾರದ ಹರಳಿನ ಹೆಸರು.
ಕಪ್ಪತಗುಡ್ಡದ ಹಳ್ಳದಾಗ ಉಸುಕು ತೊಳೀತಿದ್ದ ಜಲಗಾರರಿಗೆ
ಇದನ್ನ ಯಾರೂ ಕಲಿಸಬೇಕಿರಲಿಲ್ಲ:
ಈ ಮರಿಗ್ಯಾಗ ಮಿಣುಕು,
ಮಗ್ಗಲ ಮರಿಗ್ಯಾಗ ಬರೇ ಉಸುಕು.

ಎಲ್ಲಾ ಹೊಂದಿತು. ಎಂಬತ್ತೇಳು ಹೊಂದಲಿಲ್ಲ.
ಸುತ್ತಲಿನ ಎಂಟು ಇಪ್ಪತ್ತಾರು, ಇಪ್ಪತ್ತೇಳು ಅಂದರ
ಇದೊಂದು ನಲವತ್ತೊಂದು ಅಂತು.
ಮತ್ತ ಹೋಗಿ ತೋಡಿ ತಂದೆ. ನಲವತ್ತು.
ಗೈಡ್ ಸರ್ ಕನ್ನಡಕ ಹಣಿಗೇರಿಸಿ
"ತೆಗದ್ ಬಿಡ್ರಿ ಅದನ್ನ" ಅಂದರು,
ಅನ್ನದಾಗಿನ ಹಳ್ಳು ತೆಗೆದಂಗ.
ತೆಗೆದರ ಗೆರಿ ಚೆಂದ ಬರತಿತ್ತು, ಖರೆ.
ಒಂದು ರಾತ್ರಿ ತೆಗೆದೂ ನೋಡಿದೆ.

ಕಲ್ಲವ್ವ ಕಡ್ಲಿ ಕುಡಿ ಚಿವುಟಾಕ ಹತ್ತಿದ್ದಳು.
"ಅಲ್ಲೇನ?" ಅಂದಳು, ಉಡಿ ಬಿಗಿ ಮಾಡಿ.
"ಅಲ್ಲಿ ಹಳೇ ಊರಿತ್ತ ತಂಗಿ. ಪಲೇಗು ಬಂದಾಗ
ಮಂದಿ ಎದ್ದು ಹಳ್ಳದ ಆ ಕಡೆ ಹೋದರು.
ನೀ ಹೇಳೂದು ಯಾರದೋ ಹಗೇವು.
ಎತ್ತಿನ ಕಾಲು ಸಿಗತಾವಂತ ನಮ್ಮ ಮಾವ
ಬೂದಿ, ಹೊಟ್ಟು, ತಿಪ್ಪಿ ಕಸ ತುಂಬಿಸಿ ಮುಚ್ಚಿದ.
ಜ್ವಾಳ ಹಿಡಕೊಂಡ ಹೊಟ್ಟಿ, ಈಗ ನೀರ ಹಿಡೀತೈತಿ.
ವರ್ಷಾ ಅಷ್ಟ ಜಾಗಾದಾಗ ಕಡ್ಲಿ ತಡಾ ಮಾಡಿ ಹೂ ಬಿಡತೈತಿ.
ನಿನ್ನ ಡಬ್ಬಿಗೆ ಇವತ್ತ ಗೊತ್ತಾತೇನು?"

ಕಂಪ್ಯೂಟರು ನಕಾಶಿ ಎರಡು ಕೊಟ್ಟಿತು.
ಒಂದು ನೀರಿಂದು. ಹಗೇವು ಅದರಾಗ
ರೊಟ್ಟಿಯ ಮ್ಯಾಲಿನ ಕರಿ ಬೊಕ್ಕಿಯಂಗ.
ಇನ್ನೊಂದು, ನಮಗೆಷ್ಟು ಗೊತ್ತಿಲ್ಲ ಅನ್ನೋದರದು.
ದಾದಾಪೀರ ಎರಡನೇದನ್ನ ಹಿಡಕೊಂಡು ಬಹಳ ಹೊತ್ತು ನೋಡಿದ.
ತೆಳು ಬಣ್ಣದ ಚುಕ್ಕಿ ಒಂದೊಂದನ್ನ ಬೆರಳಿಲೆ ಮುಟ್ಟಿ
"ಇವು ನಾ ನಿಂತ ಜಾಗಾ" ಅಂದ.
ಆಮ್ಯಾಲೆ, ಚುಕ್ಕಿ ಚುಕ್ಕಿ ನಡುವಿನ ದಟ್ಟ ಬಣ್ಣಕ್ಕ ಬಂದು
"ಇಲ್ಲಿ ಎಷ್ಟು ಹಗೇವು ಅದಾವರಿ?"

ಹಗೇವಿನ ಬಾಯಿ ಒಂದು ಮಾರು.
ನನ್ನ ಗೂಟದಿಂದ ಗೂಟಕ್ಕ ಹದಿಮೂರು ಹೆಜ್ಜಿ.
ಒಂದು ಸಿಕ್ಕಿದ್ದ ದೊಡ್ಡದು.

ಇಂಗ್ಲಿಷ್ ಪ್ರಬಂಧದಾಗ ಆ ಮಾತಿಗೆ ಮಾತು ಸಿಗಲಿಲ್ಲ.
ಕನ್ನಡ ಅಕ್ಷರದಾಗ ಬರೆದೆ. ಸರ್ ಅದರ ಕೆಳಗ
ಕೆಂಪು ಗೆರಿ ಎಳೆದು ಹಾಂಗ ಬಿಟ್ಟರು.

ಮುಂದಿನ ಹಿಂಗಾರಿಗೆ ಐದು ಮೀಟರಿಗೊಂದು ಗೂಟ ಅಂದೆ.
ಐನೂರರ ಮ್ಯಾಲ ಡಬ್ಬಿ ಬೇಕಾಗತಾವ ಅಂದೆ.
ದಾದಾಪೀರ ಮಾತಾಡಲಿಲ್ಲ. ಬೈರಿಗಿ ಹಿಡಿಕಿಯ
ಹಳೇ ಅರಿವಿ ಬಿಚ್ಚಿ
ಹೊಸದು ಸುತ್ತಾಕ ಹತ್ತಿದ.